ಆರು ಕರೆಗಂಟೆಗಳ ಮನೆ

ಲಿಂಡನ್ ಬೀದಿ
ಮೇ 18, 1998

ಪ್ರೀತಿಯ ಅಪ್ಪಾ,

ನಾನು ಒಂದು ಮನೆ ಕೊಂಡೆ. ಇದನ್ನು ಹೇಗೆ ಹೇಳುವುದೆಂದು ಬರೆದು ಬರೆದು ಹರಿದೆ. ಕೊನೆಗೆ ಹೀಗೆ ನೇರವಾಗಿ ಬರೆದಿದ್ದೇನೆ. ಹಡಗಿನ ಅಡುಗೆಮನೆಯಲ್ಲಿ ನೀನು ಇದನ್ನು ಓದುವಾಗ ಕೈಯಲ್ಲಿ ಬಿಸಿ ಪಾತ್ರೆ ಇಲ್ಲದಿದ್ದರೆ ಸಾಕು.

ನಾನು ತಟ್ಟೆ ತೊಳೆಯುವ ಹಾಸ್ಟೆಲ್ ಅಡುಗೆಮನೆಯಿಂದ ಎರಡು ಬೀದಿ ಆಚೆ ಇದೆ. ಮರದ ಮನೆ, ಹಳೆಯದು. ಮುಂದೆ ಜಗಲಿ, ಹಿಂದೆ ಅಂಗೈಯಗಲದ ಹುಲ್ಲು. ಇಲ್ಲಿನ ಮನೆಗಳ ಯಜಮಾನರು ಯಾರೂ ಇಲ್ಲಿ ಇರುವುದಿಲ್ಲ. ದೂರದ ಊರುಗಳಲ್ಲಿ ಇದ್ದುಕೊಂಡು, ಒಂದೊಂದು ಮನೆಯೊಳಗೂ ಹಲಗೆಗೋಡೆ ಎಬ್ಬಿಸಿ, ತುಂಡು ತುಂಡು ಮಾಡಿ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುತ್ತಾರೆ. ನನ್ನ ಮನೆಯೂ ಹಾಗೆಯೇ ಇತ್ತು. ಮುಂಬಾಗಿಲ ಪಕ್ಕದಲ್ಲಿ ಈಗಲೂ ಆರು ಕರೆಗಂಟೆಗಳಿವೆ.

ಹೀಗೆ ಬಿಟ್ಟರೆ ಊರೇ ಉಳಿಯುವುದಿಲ್ಲ ಎಂದು ವಿಶ್ವವಿದ್ಯಾಲಯದವರೂ ನಗರಸಭೆಯವರೂ ಸೇರಿ ಒಂದು ನೆರವು ಕೊಡುತ್ತಿದ್ದಾರೆ. ಈ ನಾಲ್ಕು ಬೀದಿಗಳಲ್ಲಿ ಯಾರಾದರೂ ಮನೆ ಕೊಂಡು, ತಾವೇ ಅದರಲ್ಲಿ ಐದು ವರ್ಷ ವಾಸ ಮಾಡಿದರೆ ಆ ಹಣ ಅವರದೇ. ನಡುವೆ ಬಾಡಿಗೆಗೆ ಕೊಟ್ಟರೆ ಮಾತ್ರ ಪೂರ್ತಿ ಹಿಂದಿರುಗಿಸಬೇಕು. ನೆರವಿನ ಕಚೇರಿಯಲ್ಲಿ ವರ್ನೆಟಾ ಪೋಕ್ ಎಂಬ ಹೆಂಗಸಿದ್ದಾರೆ. ನಾನು ಮೊದಲ ದಿನ ಅವರ ಮುಂದೆ ಬಾಯಿ ಬಿಡಲಾರದೆ ಕೂತಿದ್ದೆ. ಅವರೇ ಹೇಳಿದರು: "ಹೆದರಬೇಡಮ್ಮಾ. ನಮಗೇನು ಭಾಷಣ ಬೇಕಾಗಿಲ್ಲ. ಬೇಸಿಗೇಲಿ ಹುಡುಗರೆಲ್ಲ ಊರಿಗೆ ಹೋದ್ಮೇಲೂ ದೀಪ ಹಚ್ಚೋರು ಒಬ್ಬರು ಬೇಕು, ಅಷ್ಟೇ."

ಬೇಸಿಗೆಯಲ್ಲಿ ದೀಪ ಹಚ್ಚುವುದು ನನಗೆ ಬರುತ್ತದೆ ಎಂದುಕೊಂಡೆ.

ಮನೆ ತುಂಬಲು ಕಾಸು ಖರ್ಚಾಗಲಿಲ್ಲ. ಪರೀಕ್ಷೆ ಮುಗಿದ ವಾರ ಹುಡುಗರೆಲ್ಲ ಊರಿಗೆ ಹೋಗುವಾಗ ಸಾಮಾನನ್ನು ರಸ್ತೆಬದಿಗೆ ಇಡುತ್ತಾರೆ. ಆ ವಾರ ರಸ್ತೆಬದಿಯಲ್ಲಿರುವುದು ಎತ್ತಿಕೊಂಡವರದು. ಪಕ್ಕದ ಮನೆಯ ಹುಡುಗ ಒಂದು ಕುರ್ಚಿ ಹೊತ್ತು ತಂದು, "ಅಕ್ಕಾ, ತಗೊಳ್ತೀರಾ? ಒಂದು ಕಾಲು ಸ್ವಲ್ಪ ಕುಂಟು. ಗಣಿತದಲ್ಲಿ ನಾನಿರೋ ಹಾಗೆ" ಎಂದ. ತೆಗೆದುಕೊಂಡೆ. ಒಂದು ಮೇಜು, ಒಂದು ಒಳ್ಳೆಯ ಕಬ್ಬಿಣದ ಮಂಚ, ಎತ್ತರದ ಒಂದು ದೀಪ, ಇವೂ ಸಿಕ್ಕವು.

ಮಂಚವನ್ನು ಹಿಂದಿನ ಕೋಣೆಗೆ ಹಾಕಿದ್ದೇನೆ. ಅದು ನಿನ್ನ ಕೋಣೆ. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿ ಹಡಗು ಲಂಗರು ಹಾಕಿದ ಮೇಲೆ ನೀನು ಡುಲೂತ್‌ಗೆ ಹೋಗಬೇಕಾಗಿಲ್ಲ. ಇಲ್ಲಿಗೆ ಬರಬಹುದು.

ನಿನ್ನ ಮಗಳು,
ಇಲ್ಮಾ

•

ಆಲ್ಡೆನ್ ಗ್ರೇ ಹಡಗು, ಹ್ಯೂರನ್ ಸರೋವರ
ಜೂನ್ 6

ಇಲ್ಮಾ ಮರೀ,

ನಿನ್ನ ಪತ್ರ ಡೆಟ್ರಾಯಿಟ್ ನದಿಯಲ್ಲಿ ಸಿಕ್ಕಿತು. ಅಂಚೆದೋಣಿಯವನು, ನಾವು ಹಡಗಿನಿಂದ ಹಗ್ಗದಲ್ಲಿ ಇಳಿಸಿದ ಬಕೆಟ್‌ಗೆ ಹಾಕುವಾಗ ಕೈ ಜಾರಿಸಿದ. ಹಾಗಾಗಿ ಒಂದು ಮೂಲೆ ನೆನೆದು "ಪ್ರೀತಿಯ" ಅಳಿಸಿಹೋಗಿದೆ. ಉಳಿದದ್ದು ಚೆನ್ನಾಗಿಯೇ ಇದೆ.

ಮನೆ ಕೊಂಡೆ ಎಂದು ಓದಿ ಒಲೆಯ ಮುಂದೆ ಸುಮ್ಮನೆ ನಿಂತೆ. ಬಟಾಣಿ ಸಾರು ತಳ ಹಿಡಿಯಿತು. ಎಂಜಿನ್ ಕೋಣೆಯವರು ಊಟಕ್ಕೆ ಬಂದು, "ಏನ್ ಅರ್ವಿಡ್, ಇವತ್ತು ಕಲ್ಲಿದ್ದಲಿನ ಸಾರಾ?" ಎಂದು ಕೇಳಿದರು. ನಾನು, "ನನ್ನ ಮಗಳು ಮನೆ ತಗೊಂಡಿದ್ದಾಳೆ, ಬಾಯ್ಮುಚ್ಕೊಂಡು ತಿನ್ನಿ" ಎಂದೆ. ತಿಂದರು.

ಆದರೆ ಬಿಟ್ಟಿ ಹಣ ಕೊಡುವವರನ್ನು ನಾನು ನಂಬುವುದಿಲ್ಲ. ಏನು ಕೇಳುತ್ತಾರೋ ಸರಿಯಾಗಿ ತಿಳಿದುಕೋ. ಐದು ವರ್ಷ ಒಂದೇ ಕಡೆ ಇರುವುದು ನನಗಂತೂ ಗೊತ್ತಿಲ್ಲದ ವಿಷಯ. ನಾನು ಐದು ವಾರ ಒಂದೇ ಸರೋವರದಲ್ಲಿ ಇದ್ದವನಲ್ಲ.

ಚಳಿಗಾಲಕ್ಕೆ ಡುಲೂತ್‌ನಲ್ಲಿ ಹಿಲ್ಯಾ ಕಂಗಾಸ್ ಅವರ ಬೋರ್ಡಿಂಗ್ ಮನೆಯಲ್ಲಿ ನನ್ನ ಕೋಣೆ ಯಾವತ್ತೂ ಇದೆ. ಹೊಸ್ತಿಲ ಬಳಿ ಕರೆಗಂಟೆ, ಗಂಟೆಯ ಪಕ್ಕ ನನ್ನ ಹೆಸರಿನ ಚೀಟಿ, ಶನಿವಾರ ಬಿಸಿಹಬೆಯ ಸ್ನಾನ, ಭಾನುವಾರ ಏಲಕ್ಕಿ ಬ್ರೆಡ್ಡು. ವಾರದ ಬಾಡಿಗೆ ಶುಕ್ರವಾರ ಮೇಜಿನ ಮೇಲೆ ಇಡುತ್ತೇನೆ. ಅವರು ನನ್ನನ್ನು ಏನೂ ಕೇಳುವುದಿಲ್ಲ, ನಾನು ಅವರನ್ನು ಏನೂ ಕೇಳುವುದಿಲ್ಲ. ಮನುಷ್ಯ ಹಾಗಿರಬೇಕು.

ನೀನು ಕರೆದದ್ದು ಸಂತೋಷ. ಬಂದರೆ ಬಾಡಿಗೆ ಕೊಟ್ಟೇ ಇರುತ್ತೇನೆ. ಯಾರ ಮನೆಯಲ್ಲೂ ಬಿಟ್ಟಿ ಕೂತು ಉಂಡವನಲ್ಲ ನಾನು.

ಮನೆ ಬೆಚ್ಚಗಿಡುವ ಬಾಯ್ಲರ್ ಯಾವ ಕಾಲದ್ದು, ಬರೆ.

ಅಪ್ಪ

•

ಲಿಂಡನ್ ಬೀದಿ
ಜುಲೈ 12

ಪ್ರೀತಿಯ ಅಪ್ಪಾ,

ಈ ಸಲ ಆ ಪದವನ್ನು ನಡುವೆಯೂ ಒಂದು ಸಲ ಬರೆಯುತ್ತೇನೆ, ನೆನೆಯದಿರಲಿ: ಪ್ರೀತಿಯ.

ಬಾಯ್ಲರ್ ನನಗಿಂತ ಹಿರಿಯದು. ಉರಿಸುವಾಗ ಕೆಮ್ಮುತ್ತದೆ.

ಬೀದಿ ಈಗ ಪೂರ್ತಿ ಖಾಲಿ. ಸಂಜೆ ಜಗಲಿಯಲ್ಲಿ ಕೂತರೆ ನನ್ನ ಮನೆಯ ದೀಪ, ಆ ತುದಿಯಲ್ಲಿ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಮನೆಯ ದೀಪ, ಅಷ್ಟೇ. ಅವರೂ ಈ ನೆರವಿನಿಂದಲೇ ಬಂದವರಂತೆ. ದಿನಾ ದೂರದಿಂದ ಕೈ ಎತ್ತುತ್ತಾರೆ. ನಾನೂ ಎತ್ತುತ್ತೇನೆ. ಇನ್ನೂ ಮಾತಾಡಿಲ್ಲ. ನನಗೆ ಅದು ಹಿತವಾಗಿದೆ. ಬಹುಶಃ ಅವರಿಗೂ.

ಹಲಗೆಗೋಡೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದೇನೆ. ಗೋಡೆ ಬಿದ್ದಂತೆ ಮನೆ ತನ್ನ ಹಳೆಯ ಆಕಾರಕ್ಕೆ ಬರುತ್ತಿದೆ. ಮೊನ್ನೆ ಒಂದು ಗೋಡೆಯ ಹಿಂದೆ ಕಿಟಕಿಯೇ ಸಿಕ್ಕಿತು! ಯಾರೋ ಗಾಜಿನ ಮೇಲೆಯೇ ಹಲಗೆ ಬಡಿದಿದ್ದರು. ಈಗ ಅಡುಗೆಮನೆಗೆ ಬೆಳಿಗ್ಗೆ ಬಿಸಿಲು ಬರುತ್ತದೆ.

ಕರೆಗಂಟೆಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ವಿದ್ಯುತ್ತಿನ ತಂತಿ ಮುಟ್ಟಲು ಭಯ. ನೀನು ಬಂದಾಗ ನೋಡು.

ವರ್ನೆಟಾ ಬಂದಿದ್ದರು. ವರ್ಷದಲ್ಲಿ ಒಂದೆರಡು ಸಲ ಹೇಳದೆ ಬಂದು, ಮನೆಯಲ್ಲಿ ನಾವೇ ಇದ್ದೇವೆಯೇ ಎಂದು ನೋಡುವುದು ಅವರ ಕೆಲಸ. ಕಿಟಕಿ ನೋಡಿ ಖುಷಿಪಟ್ಟರು. "ಎಲ್ರೂ ನಿನ್ನ ಥರ ಇದ್ದಿದ್ರೆ ನನ್ನ ಕೆಲಸವೇ ಹೋಗ್ತಿತ್ತು ಕಣಮ್ಮಾ" ಎಂದರು. ಹೋದ ವರ್ಷ ಒಬ್ಬ ನೆರವು ಪಡೆದು, ಮನೆಯಲ್ಲಿ ತಾನಿರದೆ ಆರು ಜನ ವಿದ್ಯಾರ್ಥಿಗಳನ್ನು ತುಂಬಿದ್ದನಂತೆ. ಅವರೆಲ್ಲ ತನ್ನ ಸೋದರಳಿಯಂದಿರು ಎಂದನಂತೆ.

ಬಾಡಿಗೆಯ ಮಾತನ್ನು ಆಮೇಲೆ ಆಡೋಣ. ಮೊದಲು ನೀನು ಬಾ.

ನಿನ್ನ,
ಇಲ್ಮಾ

•

ಆಲ್ಡೆನ್ ಗ್ರೇ, ಸುಪೀರಿಯರ್ ಸರೋವರದ ಬಂದರು
ಆಗಸ್ಟ್ 23

ಇಲ್ಮಾ ಮರೀ,

ಸುದ್ದಿ ಇದೆ. ನಮ್ಮ ಹಡಗಿನ ಚುಕ್ಕಾಣಿ ಸರಿಯಾಗಿ ತಿರುಗುತ್ತಿಲ್ಲ. ಅಕ್ಟೋಬರ್ ನಡುವೆ ಟೊಲಿಡೊದಲ್ಲಿ ದುರಸ್ತಿಗೆ ನಿಲ್ಲಿಸುತ್ತಾರಂತೆ. ಒಂದು ವಾರ ರಜೆ. ಬಸ್ಸು ಹತ್ತಿದರೆ ನಿನ್ನ ಬೀದಿ ದೂರವಿಲ್ಲ. ಬರುತ್ತೇನೆ.

ಮುಂಗಡ ಎಂದು ಮನಿಯಾರ್ಡರ್ ಕಳಿಸಿದ್ದೇನೆ. ಮಂಚ ಬೇರೆಯವರಿಗೆ ಕೊಟ್ಟುಬಿಡಬೇಡ.

ಹೊಸ ಸಹಾಯಕ ಬಂದಿದ್ದಾನೆ. ಈರುಳ್ಳಿ ಹೆಚ್ಚುವಾಗ ಅಳುತ್ತಾನೆ, ಹೆಚ್ಚದಾಗಲೂ ಅಳುತ್ತಾನೆ. ಮನೆ ನೆನಪಂತೆ. ನಿನ್ನ ಕಿಟಕಿಯ ಕಥೆ ಹೇಳಿದೆ. ಸ್ವಲ್ಪ ಸುಧಾರಿಸಿದ.

ಅಪ್ಪ

•

ಲಿಂಡನ್ ಬೀದಿ
ಸೆಪ್ಟೆಂಬರ್ 13

ಪ್ರೀತಿಯ ಅಪ್ಪಾ,

ಬಾ. ಬಾ. ಮಂಚಕ್ಕೆ ಹೊಸ ಹಾಸಿಗೆ ತಂದಿದ್ದೇನೆ.

ವಿದ್ಯಾರ್ಥಿಗಳು ವಾಪಸು ಬಂದರು. ಬೀದಿ ಗಲಗಲ ಎನ್ನುತ್ತಿದೆ. ಹಿಂದೆ ಈ ಮನೆಯಲ್ಲಿ ಯಾರೋ ಪಿಜ್ಜಾ ತರಿಸುತ್ತಿದ್ದರಂತೆ. ಈಗಲೂ ಪಿಜ್ಜಾ ತರುವವರು ಹಳೆಯ ವಿಳಾಸ ಹಿಡಿದು ಬಂದು ಯಾವುದೋ ಒಂದು ಗಂಟೆ ಒತ್ತುತ್ತಾರೆ. ನಾನು ಬಾಗಿಲು ತೆಗೆದರೆ, "ಮೂರನೇ ನಂಬರಿನ ಬ್ರೆಂಟ್ ಇದಾನಾ?" ಎನ್ನುತ್ತಾರೆ. ಇಲ್ಲ ಎಂದು ತಲೆಯಾಡಿಸುತ್ತೇನೆ. ಹೋಗುತ್ತಾರೆ. ಇದು ನನ್ನ ಮನೆ ಎಂದು ಒಂದು ಸಲವಾದರೂ ಬಾಯಿ ಬಿಟ್ಟು ಹೇಳಬೇಕೆಂದುಕೊಳ್ಳುತ್ತೇನೆ.

ಕುಂಟು ಕುರ್ಚಿ ಕೊಟ್ಟ ಹುಡುಗ ಗಣಿತದಲ್ಲಿ ಪಾಸಾದನಂತೆ. ಕುರ್ಚಿ ಇನ್ನೂ ಕುಂಟುತ್ತಿದೆ.

ಮನಿಯಾರ್ಡರ್ ಬಂತು. ಹಣ ಪಡೆಯದೆ ಹಾಗೇ ಹಿಟ್ಟಿನ ಡಬ್ಬದ ಕೆಳಗೆ ಇಟ್ಟಿದ್ದೇನೆ.

ನಿನ್ನ,
ಇಲ್ಮಾ

•

ಆಲ್ಡೆನ್ ಗ್ರೇ, ಎರೀ ಸರೋವರ
ಅಕ್ಟೋಬರ್ 22

ಇಲ್ಮಾ ಮರೀ,

ಹಡಗು ಹೊರಟಿತು. ಚುಕ್ಕಾಣಿ ಸರಿಯಾಗಿದೆ. ನನಗೆ ಮಾತ್ರ ನಿನ್ನೆಯಿಂದ ಎತ್ತ ತಿರುಗಿದರೂ ನಿನ್ನ ಅಡುಗೆಮನೆಯೇ ಕಾಣುತ್ತಿದೆ.

ಒಳ್ಳೆಯ ಮನೆ. ಎದುರಿಗೆ ಹೇಳಲಿಲ್ಲ, ಈಗ ಬರೆಯುತ್ತಿದ್ದೇನೆ. ನೆಲ ಗಟ್ಟಿ ಇದೆ. ಬೆಳಗಿನ ಬಿಸಿಲು ಸರಿಯಾಗಿ ಮೇಜಿನ ಮೇಲೆ ಬೀಳುತ್ತದೆ. ನಿಮ್ಮ ಅಮ್ಮ ಇದ್ದಿದ್ದರೆ ಆ ಮೇಜಿನ ಮೇಲೇ ಹಿಟ್ಟು ನಾದುತ್ತಿದ್ದಳು. ಕರೆಗಂಟೆಗಳ ಕಡೆ ನೋಡಲು ಈ ಸಲ ಹೊತ್ತು ಸಿಗಲಿಲ್ಲ. ಬಾಯ್ಲರೇ ದಿನವನ್ನೆಲ್ಲ ನುಂಗಿತು.

ನಿನಗೆ ಹೇಳದೇ ಇದ್ದ ಇನ್ನೊಂದು ವಿಷಯ. ಸೋಮವಾರ ನೀನು ಕೆಲಸಕ್ಕೆ ಹೋದಾಗ ಆ ವರ್ನೆಟಾ ಬಂದಿದ್ದರು. ನಾನು ಆಗಷ್ಟೇ ಏಲಕ್ಕಿ ಬ್ರೆಡ್ಡನ್ನು ಒಲೆಯಿಂದ ತೆಗೆದಿದ್ದೆ. ಬಾಗಿಲಲ್ಲೇ ನಿಂತು ಕೇಳಿದರು: "ತಾವು ಯಾರು?"

ನಾನೆಂದೆ: "ಹಿಂದಿನ ಕೋಣೆಯ ಬಾಡಿಗೆದಾರ."

"ಬಾಡಿಗೆದಾರರಾ?"

"ಹೌದು ಮೇಡಂ. ಮುಂಗಡವೂ ಕೊಟ್ಟಾಗಿದೆ. ಬೇಕಿದ್ರೆ ಗಂಟೆ ಹತ್ರ ನೋಡಿ, ಹೆಸರು ಹಾಕಿದೀನಿ. ನಾನು ಯಾರ ಮನೇಲೂ ಬಿಟ್ಟಿ ಬಿದ್ದಿರೋನಲ್ಲ."

ಹೌದು, ನಾಲ್ಕನೇ ಗಂಟೆಯ ಪಕ್ಕ ನನ್ನ ಚೀಟಿ ಅಂಟಿಸಿದ್ದೆ. ನೀನು ನೋಡಿರಲಿಲ್ಲ ಅನ್ನಿಸುತ್ತದೆ. ಹಿಲ್ಯಾ ಅವರ ಮನೆಗೆ ಮೊದಲ ಸಲ ಹೋದಾಗ ಪೆಟ್ಟಿಗೆ ಕೆಳಗಿಡುವ ಮೊದಲು ಮಾಡಿದ ಕೆಲಸ ಅದು.

ಅವರಿಗೆ ಬ್ರೆಡ್ಡು ಕೊಟ್ಟೆ. ತುಂಬ ಚೆನ್ನಾಗಿದೆ ಎಂದರು. ಆದರೆ ಮುಖ ಸಪ್ಪಗಿತ್ತು. ಹಲ್ಲುನೋವಿರಬೇಕು. ನಿನ್ನ ಮಾನ ಕಾಪಾಡಿದೆ ಮರೀ. ಮುದಿ ಅಪ್ಪನನ್ನು ಸಾಕಬೇಕಾದ ಹುಡುಗಿ ಎಂದು ಯಾರೂ ಇನ್ನು ಅನ್ನುವಂತಿಲ್ಲ.

ಅಪ್ಪ

•

ಲಿಂಡನ್ ಬೀದಿ
ಅಕ್ಟೋಬರ್ 24

ಪ್ರೀತಿಯ ಅಪ್ಪಾ,

ನಿನ್ನ ಪತ್ರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಮನೆ ನಿನ್ನ ವಾಸನೆ ಹೊಡೆಯುತ್ತಿದೆ, ಏಲಕ್ಕಿ ಮತ್ತು ಬಾಯ್ಲರಿನ ಎಣ್ಣೆ. ಬಾಯ್ಲರ್ ಈಗ ಕೆಮ್ಮುವುದಿಲ್ಲ, ಗುನುಗುತ್ತದೆ. ಕುರ್ಚಿಯ ಕಾಲನ್ನು ಯಾವಾಗ ಸರಿಮಾಡಿದೆ? ಬೆಳಿಗ್ಗೆ ಕೂತಾಗ ಅದು ಅಲುಗಾಡಲಿಲ್ಲ. ಅಭ್ಯಾಸವಾಗಿ ನಾನೇ ವಾಲಿ, ಬೀಳುವುದರಲ್ಲಿದ್ದೆ.

ನಿನ್ನ ಉಣ್ಣೆಯ ಟೋಪಿ ಇಲ್ಲೇ ಉಳಿದಿದೆ. ಮರೆತು ಹೋದದ್ದೋ ಬಿಟ್ಟು ಹೋದದ್ದೋ? ಕೇಳುವುದಿಲ್ಲ. ಮೊಳೆಗೆ ನೇತುಹಾಕಿದ್ದೇನೆ.

ವಾರವೆಲ್ಲ ನಾವು ಹೆಚ್ಚು ಮಾತಾಡಲೇ ಇಲ್ಲ, ಅಲ್ಲವೇ? ನೀನು ಹಿಟ್ಟು ನಾದಿದೆ, ನಾನು ಪಾತ್ರೆ ಒರೆಸಿದೆ. ನನಗೆ ಅಷ್ಟು ಸುಖವಾಗಿದ್ದ ವಾರ ನೆನಪಿಲ್ಲ.

ನೆರವಿನ ಕಚೇರಿಯಿಂದ ಒಂದು ಲಕೋಟೆ ಬಂದಿದೆ. ಕೆಲಸ ಮುಗಿಸಿ ಬಂದು ನೋಡುತ್ತೇನೆ.

ನಿನ್ನ,
ಇಲ್ಮಾ

•

ಲಿಂಡನ್ ಬೀದಿ
ನವೆಂಬರ್ 8

ಅಪ್ಪಾ,

ಇಷ್ಟು ದಿನ ಬರೆಯಲಿಲ್ಲ. ಸಿಟ್ಟಿನಲ್ಲಿ ಬರೆದರೆ ತಪ್ಪಾಗುತ್ತದೆ ಎಂದು ಕಾದೆ. ಈಗ ಸಿಟ್ಟಿಲ್ಲ.

ನೆರವಿನ ಷರತ್ತು ಮುರಿದಿದ್ದೇನೆ ಎಂದು ಕಚೇರಿಯವರು ಕರೆಸಿದ್ದರು. ಮನೆಯಲ್ಲಿ ಬಾಡಿಗೆದಾರನಿದ್ದಾನೆ, ಗಂಟೆಯ ಪಕ್ಕ ಹೆಸರಿದೆ, ಮುಂಗಡ ಕೊಟ್ಟಿದ್ದೇನೆಂದು ಅವನೇ ಹೇಳಿದ್ದಾನೆ ಎಂದು ವರ್ನೆಟಾ ಬರೆದುಕೊಂಡು ಹೋಗಿದ್ದರು. ಅವರ ತಪ್ಪಿಲ್ಲ. ಕೇಳಿದ್ದನ್ನು ಬರೆದರು. ಷರತ್ತು ಮುರಿದರೆ ಹಣ ಪೂರ್ತಿ ಕಟ್ಟಬೇಕು. ನನ್ನ ಹತ್ತಿರ ಎಲ್ಲಿದೆ? ಮನೆಯನ್ನೇ ಬಿಡಬೇಕು.

ಉದ್ದನೆಯ ಮೇಜು, ಆ ಕಡೆ ವರ್ನೆಟಾ ಮತ್ತು ಸಮಿತಿಯ ಮುಖ್ಯಸ್ಥರು. ನಾನು ಎದ್ದು ನಿಂತೆ. "ಅವರು ನಮ್ಮಪ್ಪ" ಎಂದೆ. ಅಷ್ಟೇ ಹೊರಟದ್ದು.

ಮುಖ್ಯಸ್ಥರು ಕನ್ನಡಕ ತೆಗೆದರು. "ಅಪ್ಪ ಇರಬಹುದಮ್ಮಾ, ನಾನು ಇಲ್ಲ ಅನ್ನಲ್ಲ. ಆದ್ರೆ ಬಾಡಿಗೆ ಕೊಡ್ತೀನಿ ಅಂತ ಅವರೇ ಅಂದಿದಾರಲ್ಲ. ಇಲ್ಲಿ ಎಲ್ರಿಗೂ ಸೋದರಳಿಯಂದಿರು, ಎಲ್ರಿಗೂ ಚಿಕ್ಕಪ್ಪಂದಿರು. ನಾವು ಯಾರನ್ನ ನಂಬೋದು? ಅಪ್ಪನೋ, ಬಾಡಿಗೆದಾರನೋ, ಎರಡರಲ್ಲಿ ಒಂದಾಗ್ಬೇಕು. ಅದನ್ನ ಅವರೇ ಹೇಳ್ಬೇಕು."

ವರ್ನೆಟಾ ಹೊರಗೆ ಬಂದು ನನ್ನ ಕೈ ಹಿಡಿದರು. "ವರ್ಷದ ಕೊನೇವರೆಗೂ ನಾನು ತಡೀತೀನಿ. ನಿಮ್ಮಪ್ಪಂಗೆ ಬರಿ."

ಅದಕ್ಕೇ ಬರೆಯುತ್ತಿದ್ದೇನೆ. ತಪ್ಪು ನನ್ನದೂ ಇದೆ. ಬಾಡಿಗೆ ತೆಗೆದುಕೊಳ್ಳುವಂತಿಲ್ಲ ಎಂದು ಜುಲೈನಲ್ಲೇ ಬಿಡಿಸಿ ಹೇಳಬೇಕಿತ್ತು. ಬಾಡಿಗೆ ಬೇಡ ಎಂದರೆ ನೀನು ಬರುವುದೇ ಇಲ್ಲವೇನೋ ಎಂಬ ಭಯಕ್ಕೆ ಸುಮ್ಮನಿದ್ದೆ.

ಇನ್ನೊಂದನ್ನು ಈಗ ಬರೆಯದಿದ್ದರೆ ಯಾವತ್ತೂ ಬರೆಯಲಾರೆ. ಅಮ್ಮ ಹೋದ ಮೇಲೆ ಲೆಂಪಿ ಅತ್ತೆಯ ಮನೆಯಲ್ಲಿ ಬೆಳೆದೆನಲ್ಲ, ಅತ್ತೆ ಕೆಟ್ಟವರಲ್ಲ. ಹೊಟ್ಟೆತುಂಬ ಹಾಕಿದರು. ಆದರೆ ತಿಂಗಳ ಮೊದಲ ವಾರ ನಿನ್ನ ಹಣ ಬಂದ ದಿನ ಅವರು ಅದನ್ನು ಎಣಿಸಿ, "ಇಲ್ಮಾದು ಬಂತು" ಎನ್ನುತ್ತಿದ್ದರು. ಅವರ ಮಕ್ಕಳದು ಯಾವತ್ತೂ ಬರುತ್ತಿರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಎರಡನೇ ಸಲ ಬಡಿಸಿಕೊಳ್ಳುವಾಗ ಆ ಮಕ್ಕಳು ಯೋಚಿಸುತ್ತಿರಲಿಲ್ಲ. ನಾನು ಯೋಚಿಸುತ್ತಿದ್ದೆ.

ನನ್ನ ಮನೆಯಲ್ಲಿ ಯಾರೂ ಎರಡನೇ ಸಲ ಬಡಿಸಿಕೊಳ್ಳುವಾಗ ಯೋಚಿಸಬಾರದು. ಅದಕ್ಕೇ ಈ ಮನೆ ಬೇಕಿತ್ತು.

ನಿನ್ನ ಮನಿಯಾರ್ಡರ್ ಇದರೊಳಗಿದೆ. ಗಂಟೆಯ ಪಕ್ಕದ ನಿನ್ನ ಹೆಸರಿನ ಚೀಟಿಯನ್ನು ನಾನು ತೆಗೆದಿಲ್ಲ. ಅಂಟಿಸಿದವನೇ ತೆಗೆಯಲಿ.

ಇಲ್ಮಾ

•

ಆಲ್ಡೆನ್ ಗ್ರೇ, ಸುಪೀರಿಯರ್ ಸರೋವರ
ನವೆಂಬರ್ 19

ಇಲ್ಮಾ,

ಪತ್ರ ಮುಟ್ಟಿತು. ಗಾಳಿ ಜೋರಾಗಿದೆ. ಪಾತ್ರೆಗಳನ್ನೆಲ್ಲ ಕಟ್ಟಿ ಇಟ್ಟಿದ್ದೇವೆ. ಹೆಚ್ಚು ಬರೆಯಲು ಆಗುವುದಿಲ್ಲ.

ಬಾಯ್ಲರಿಗೆ ವಾರಕ್ಕೊಮ್ಮೆ ನೀರು ನೋಡು.

ಅಪ್ಪ

•

ಆಲ್ಡೆನ್ ಗ್ರೇ, ಸುಪೀರಿಯರ್ ಸರೋವರ
ನವೆಂಬರ್ 20

ಶ್ರೀಮತಿ ವರ್ನೆಟಾ ಪೋಕ್ ಅವರಿಗೆ,

ನಾನು ಅರ್ವಿಡ್ ಹೆಲ್ಮಿನೆನ್, ಹಡಗಿನ ಅಡುಗೆಯವನು. ಲಿಂಡನ್ ಬೀದಿಯ ಮನೆಯಲ್ಲಿ ನಿಮಗೆ ಏಲಕ್ಕಿ ಬ್ರೆಡ್ಡು ಕೊಟ್ಟವನು. ನಾನು ಅವತ್ತು ನಿಮಗೆ ಬಾಡಿಗೆದಾರ ಎಂದು ಹೇಳಿದೆ. ಅದು ಸುಳ್ಳೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಈಚೆಗೆ.

ನನಗೆ ಬೇರೆ ಥರ ಹೇಳಲು ಬರುತ್ತಿರಲಿಲ್ಲ, ಅದು ಕಾರಣ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಚಳಿಗಾಲ ಬಂದರೆ ಬೋರ್ಡಿಂಗ್ ಮನೆ. ಅಲ್ಲಿ ಬಾಗಿಲಿಗೆ ಬಂದವರು ಯಾರು ನೀನು ಎಂದರೆ ಕೋಣೆಯ ನಂಬರು ಹೇಳುತ್ತೇವೆ. ನೀವು ಕೇಳಿದಿರಿ, ಬಾಯಿಗೆ ಅದೇ ಬಂತು.

ಹೆಂಡತಿ ತೀರಿಕೊಂಡಾಗ ಮಗಳು ಚಿಕ್ಕವಳು. ಹಡಗಿನಲ್ಲಿ ಮಗುವನ್ನು ಇಟ್ಟುಕೊಳ್ಳುವಂತಿಲ್ಲ. ತಂಗಿಯ ಮನೆಯಲ್ಲಿ ಬಿಟ್ಟೆ. ಅವಳ ಊಟ ವಸತಿಗೆ ಪ್ರತಿ ತಿಂಗಳೂ ಹಣ ಕಳಿಸಿದೆ. ಒಂದು ತಿಂಗಳೂ ತಪ್ಪಿಸಲಿಲ್ಲ. ಅದರ ಬಗ್ಗೆ ನನಗೆ ಹೆಮ್ಮೆ ಇತ್ತು.

ಇಲ್ಮಾ ಹೆಚ್ಚು ಮಾತಾಡುವವಳಲ್ಲ. ನಿಮ್ಮ ಸಮಿತಿಯ ಮುಂದೆ ಎದ್ದು ನಿಂತು ಒಂದು ವಾಕ್ಯ ಹೇಳಿದಳಂತೆ. ಅವಳನ್ನು ಬಲ್ಲವರಿಗೆ ಅದು ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಆ ವಾಕ್ಯ ನಿಜ. ನಾನು ಅವಳ ಅಪ್ಪ. ಬಾಡಿಗೆ ಕೊಡುವುದಿಲ್ಲ. ಮುಂಗಡವನ್ನೂ ಅವಳು ಮುಟ್ಟದೆ ವಾಪಸು ಕಳಿಸಿದ್ದಾಳೆ. ಇನ್ನು ಮುಂದೆಯೂ ಕೊಡುವುದಿಲ್ಲ. ಅವಳು ಹಾಕಿದ್ದನ್ನು ಉಣ್ಣುತ್ತೇನೆ, ನಾನು ಮಾಡಿದ್ದನ್ನು ಅವಳೂ ಉಣ್ಣುತ್ತಾಳೆ. ಇದನ್ನು ನಿಮ್ಮ ಮುಖ್ಯಸ್ಥರಿಗೆ ತೋರಿಸಿ. ನಮ್ಮ ಕ್ಯಾಪ್ಟನ್ ಪಕ್ಕದಲ್ಲಿ ನಿಂತು ಓದಿದ್ದಾರೆ, ಸಾಕ್ಷಿಗೆ ಸಹಿ ಹಾಕಿದ್ದಾರೆ. "ಅರ್ವಿಡ್, ನಿನಗೊಬ್ಬ ಮಗಳಿದಾಳೆ ಅಂತ ಈ ಸೀಸನ್ನಿನಲ್ಲೇ ನನಗೆ ಗೊತ್ತಾಗಿದ್ದು ಮಾರಾಯಾ" ಎಂದರು.

ಗಂಟೆಯ ಪಕ್ಕದ ಚೀಟಿಯನ್ನು ನಾನು ಬಂದ ದಿನವೇ ಕೀಳುತ್ತೇನೆ. ಬೇಕಿದ್ದರೆ ನೀವು ಬಂದು ನೋಡಿ. ಬ್ರೆಡ್ಡೂ ಇರುತ್ತದೆ.

ವಂದನೆಗಳೊಂದಿಗೆ,
ಅರ್ವಿಡ್ ಹೆಲ್ಮಿನೆನ್

•

ಲಿಂಡನ್ ಬೀದಿ
ಡಿಸೆಂಬರ್ 11

ಪ್ರೀತಿಯ ಅಪ್ಪಾ,

ನಿನ್ನೆ ವರ್ನೆಟಾ ಬಂದಿದ್ದರು. ಜಗಲಿಯ ಮೆಟ್ಟಿಲು ಹತ್ತುವಾಗಲೇ, "ಒಲೆ ಮೇಲೆ ಕಾಫಿ ಇದೆಯಾ? ಇದ್ರೆ ಒಳ್ಳೇ ಸುದ್ದಿ, ಇಲ್ಲದಿದ್ರೂ ಒಳ್ಳೇ ಸುದ್ದಿನೇ" ಎಂದರು. ಮನೆ ನನ್ನದೇ. ಷರತ್ತು ಮುರಿದಿಲ್ಲ ಎಂದು ಸಮಿತಿ ಒಪ್ಪಿತಂತೆ.

ನೀನು ಅವರಿಗೆ ಪತ್ರ ಬರೆದಿದ್ದೆಯಂತೆ. ಏನು ಬರೆದಿದ್ದೀಯ ಎಂದು ಕೇಳಿದೆ. "ಅದು ಕಚೇರಿಗೆ ಬಂದ ಪತ್ರ, ನಾನು ಹೇಳೋ ಹಾಗಿಲ್ಲ" ಎಂದರು. ಕಾಫಿ ಪೂರ್ತಿ ಕುಡಿದು ಲೋಟವನ್ನು ತಾವೇ ತೊಳೆದಿಟ್ಟರು. ಆಮೇಲೆ, "ನಮ್ಮ ಮುಖ್ಯಸ್ಥರು ಅದನ್ನ ಎರಡು ಸಲ ಓದಿದ್ರು ಕಣೇ. ಆಮೇಲೆ ಅವರ ಮಗಳಿಗೆ ಫೋನ್ ಮಾಡೋಕೆ ಹೊರಗೆ ಹೋದ್ರು" ಎಂದರು. ನಾನು ಮತ್ತೆ ಕೇಳಲಿಲ್ಲ. ನಿನ್ನನ್ನೂ ಕೇಳುವುದಿಲ್ಲ.

ಅವರು ಹೋದ ಮೇಲೆ ಯಾರೋ ಗಂಟೆ ಒತ್ತಿದರು. ಹಿಮದಲ್ಲಿ ಬಿಳಿಯಾಗಿದ್ದ ಒಬ್ಬ ಪಿಜ್ಜಾದವನು. "ಮೂರನೇ ನಂಬರಾ?" ಎಂದ. "ಇಲ್ಲಿ ನಂಬರಿಲ್ಲ. ಇದು ನಮ್ಮ ಮನೆ" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಪಾಪ, ಹೆದರಿ ಎರಡು ಮೆಟ್ಟಿಲು ಇಳಿದ. ಆಮೇಲೆ ಕರೆದು ಕಾಫಿ ಕೊಟ್ಟೆ.

ಸರೋವರಗಳ ಅಂಚು ಹೆಪ್ಪುಗಟ್ಟುತ್ತಿದೆಯಂತೆ. ನಿನ್ನ ಟೋಪಿ ಮೊಳೆಯ ಮೇಲಿದೆ.

ನಿನ್ನ,
ಇಲ್ಮಾ

•

ಲಿಂಡನ್ ಬೀದಿ
ಜನವರಿ 24, 1999

ಹಿಲ್ಯಾ ಕಂಗಾಸ್ ಅವರಿಗೆ, ಡುಲೂತ್

ಅಮ್ಮಾ, ನಮಸ್ಕಾರ. ಹಡಗು ಮೂರು ವಾರದ ಹಿಂದೆ ಲಂಗರು ಹಾಕಿತು. ಈ ಸಲ ನಾನು ಯಾಕೆ ಬರಲಿಲ್ಲವೆಂದು ನೀವು ಕೇಳುವವರಲ್ಲ. ಆದರೂ ಹೇಳುತ್ತೇನೆ. ನನ್ನ ಕೋಣೆಯನ್ನು ಬೇರೆ ಯಾರಿಗಾದರೂ ಕೊಡಿ. ಗಂಟೆಯ ಪಕ್ಕದ ನನ್ನ ಚೀಟಿ ತೆಗೆಯಲು ಬಿಸಿನೀರು ಬೇಕಾದೀತು, ಅಂಟು ಹಳೆಯದು. ಬಟ್ಟೆಯ ಪೆಟ್ಟಿಗೆಯನ್ನು ಬಸ್ಸಿಗೆ ಹಾಕಿಸಿದರೆ ಉಪಕಾರ. ಒಳಗಿನ ಕಾಫಿ ಪುಡಿ ನೀವೇ ಇಟ್ಟುಕೊಳ್ಳಿ.

ಇಲ್ಲಿ ನನ್ನ ಮಗಳ ಮನೆಯಲ್ಲಿದ್ದೇನೆ. ಇವಳು ಬಾಡಿಗೆ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳುವಂತೆಯೂ ಇಲ್ಲ, ಹಾಗೆ ಕಾನೂನಿದೆ. ಅಪ್ಪ ಇರಬಹುದು, ಬಾಡಿಗೆದಾರ ಇರುವಂತಿಲ್ಲ. ಇಂಥ ಕಾನೂನು ಎಲ್ಲಾದರೂ ಕೇಳಿದ್ದೀರಾ? ಮೊದಲ ಶುಕ್ರವಾರ ಕೈ ತಾನಾಗಿ ಜೇಬಿಗೆ ಹೋಯಿತು. ಮಗಳು ನೋಡಿದಳು. ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಉಂಡೆ. ನಾಚಿಕೆಯಾಯಿತು, ಆದರೆ ಉಂಡೆ. ಎರಡನೇ ಶುಕ್ರವಾರ ಅಷ್ಟು ನಾಚಿಕೆಯಾಗಲಿಲ್ಲ.

ನೆಲಮಾಳಿಗೆಯಲ್ಲಿ ಬಿಸಿಹಬೆಯ ಕೋಣೆ ಕಟ್ಟುತ್ತಿದ್ದೇನೆ. ಗೋಡೆ ಒಡೆದ ಹಲಗೆಗಳೆಲ್ಲ ಇದ್ದವು, ಅವುಗಳಲ್ಲೇ ಆಗುತ್ತಿದೆ. ಪಕ್ಕದ ಮನೆಯ ವಿದ್ಯಾರ್ಥಿ ದಿನಾ ಬಂದು ಇಣುಕುತ್ತಾನೆ. "ತಾತಾ, ಇದರೊಳಗೆ ಬಟ್ಟೆ ಇಲ್ದೆ ಕೂರ್ತೀರಾ?" ಎಂದು ಕೇಳಿದ. "ನಿನ್ನ ಕೋಟು ಹಾಕ್ಕೊಂಡು ಕೂರ್ಲಾ?" ಎಂದೆ.

ಬಂದ ಮೊದಲ ದಿನವೇ ಇಲ್ಲಿನ ನನ್ನ ಚೀಟಿ ಕಿತ್ತು, ಕರೆಗಂಟೆಗಳ ತಂತಿ ಬಿಚ್ಚಿದೆ. ಐದನ್ನು ಕಿತ್ತು, ತೂತುಗಳಿಗೆ ಮರ ತುಂಬಿ, ಬಣ್ಣ ಹಚ್ಚಿದೆ. ಒಂದನ್ನು ಉಳಿಸಿದ್ದೇನೆ. ಅದರ ಪಕ್ಕ ಚೀಟಿ ಅಂಟಿಸಿಲ್ಲ.

ಮಗಳು ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೋಗುತ್ತಾಳೆ. ಆಮೇಲೆ ಯಾರಾದರೂ ಗಂಟೆ ಒತ್ತಿದರೆ ನಾನೇ ಬಾಗಿಲು ತೆಗೆಯುವುದು. ಮೊನ್ನೆ ಅಂಚೆಯವನು ಹೊಸಬ, ಕಾಗದದ ಕಟ್ಟು ಹಿಡಿದುಕೊಂಡು, "ಯಜಮಾನ್ರೇ, ನೀವು ಯಾವ ಕೋಣೆಯವರು?" ಎಂದ.

ಹಳೆಯ ಅಭ್ಯಾಸ, ನಂಬರು ನಾಲಗೆಯ ತುದಿಗೇ ಬಂತು. ನುಂಗಿಕೊಂಡೆ.

"ಇಲ್ಮಾ ಅಪ್ಪ ಕಣಪ್ಪಾ ನಾನು" ಎಂದೆ. "ಒಳಗೆ ಬಾ, ಚಳಿ ಇದೆ."

ನಿಮ್ಮ,
ಅರ್ವಿಡ್